ಏರಿನಲ್ಲಿ ಮಾತ್ರ ಕೇಳುವ ಸದ್ದು

ಕೆ.ಆರ್. ಪೇಟೆಯ ಸರ್ಕಲ್ಲಿನಲ್ಲಿ ಚಿನಕುರಳಿಯ ಕಡೆ ತಿರುಗಿದ್ದರೆ ಪಾಂಡವಪುರ ದಾಟಿ ಹನ್ನೊಂದರೊಳಗೆ ಶ್ರೀರಂಗಪಟ್ಟಣದ ಮನೆ ಸೇರಬಹುದಿತ್ತು. ಪ್ರಮೀಳಾ ತಿರುಗಲಿಲ್ಲ. ತಿರುಗಬಾರದು ಎಂದು ಮೊದಲೇ ನಿರ್ಧರಿಸಿದ್ದಳು ಎಂದೇನೂ ಅಲ್ಲ. ಎರಡು ದಿನ ತವರಿನಲ್ಲಿದ್ದು ಈ ಬೆಳಿಗ್ಗೆ ಮಾಕವಳ್ಳಿಯಿಂದ ಹೊರಟು, ಊರ ಮುಂದಿನ ನಾಲೆಯ ಏರಿ ಹತ್ತುತ್ತಿದ್ದಾಗ ಆ ಸದ್ದು ಮತ್ತೆ ಕೇಳಿಸಿತ್ತು. ಕಾದ ಬಾಣಲೆಗೆ ಒಂದು ಹಿಡಿ ಹುರುಳಿ ಹಾಕಿದರೆ ಮೊದಲ ನಾಲ್ಕು ಕಾಳು ಸಿಡಿಯುತ್ತವಲ್ಲ, ಹಾಗೆ. ಟಿಣ್, ಟಿಣ್, ಟಿಟಿಣ್. ಏರು ಮುಗಿದದ್ದೇ ತಡ, ಸುಮ್ಮನಾಯಿತು. ಸಪಾಟು ರಸ್ತೆಯಲ್ಲಿ ಗಾಡಿ ಏನೂ ಅರಿಯದ ಹಸುವಿನ ಹಾಗೆ ಸಾಗುತ್ತಿತ್ತು. "ಕೇಳುಸ್ತು," ಎಂದಳು ಹೆಲ್ಮೆಟ್ಟಿನೊಳಗೆ, ಯಾರಿಗೆ ಹೇಳಿದಳೋ. ಸಂಜೆ ಮನೆಗೆ ದಿಲೀಪ ಬರುವವನಿದ್ದ. ದಿಲೀಪ ಎಂದರೆ ಗಂಡ ತಿಮ್ಮರಾಜುವಿನ ಚಿಕ್ಕಪ್ಪನ ಮಗ. ಈ ಗಾಡಿಯ ಮೇಲೆ ಮೊದಲ ದಿನದಿಂದ ಅವನ ಕಣ್ಣು. "ಇಲ್ದೆ ಇರೋ ಸದ್ದು ಕೇಳುಸ್ಕೊಂಡು ಅತ್ತಿಗೆ ಯಾಕೆ ಒದ್ದಾಡ್ಬೇಕು, ನಂಗ್ ಕೊಟ್ಬುಡ್ಲಿ," ಎಂದು ಕಾಫಿ ಹೀರುತ್ತ ಹೇಳಿದ್ದ. ಹೋದ ವಾರ ಅಡುಗೆಮನೆಯಲ್ಲಿ ಅದೇ ಮಾತು ಹತ್ತನೇ ಸಲ ಬಂದಾಗ ಪ್ರಮೀಳಾ ರೋಸಿಹೋಗಿ, "ಬರೋ ಭಾನುವಾರದೊಳಗೆ ಒಬ್ರಾದ್ರೂ ಕೇಳುಸ್ತು ಅನ್ನದಿದ್ರೆ ಅವ್ನೇ ತಗೊಂಡೋಗ್ಲಿ," ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತೇ ಆ ಭಾನುವಾರ. ಇನ್ನೊಬ್ಬ ಮೆಕ್ಯಾನಿಕ್ಕನನ್ನು ಹುಡುಕಿಕೊಂಡು ಅವಳು ನಾಗಮಂಗಲದ ರಸ್ತೆ ಹಿಡಿದಳು, ಯಾರದೋ ಮನೆಯಿಂದ ಏನನ್ನೋ ಕದ್ದು ಓಡುತ್ತಿರುವವಳ ಹಾಗೆ, ಗಾಡಿ ತನ್ನದೇ ಆಗಿದ್ದರೂ.

ದೂರದ ಪ್ರಯಾಣಕ್ಕೆಂದೇ ಮಾಡಿದ ಮೋಟಾರ್ ಸೈಕಲ್ಲು ಅದು. ಮುಂದೆ ಎತ್ತರದ ಗಾಳಿತಡೆ, ಹಿಂದೆ ಎರಡೂ ಪಕ್ಕಕ್ಕೆ ಪೆಟ್ಟಿಗೆ, ದಿನವಿಡೀ ಕೂತರೂ ಸೊಂಟ ಹಿಡಿಯದ ಸೀಟು. ಬೆಳಗೊಳದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಮಂಡಿ ನೋವೆಂದು ಮಾರಿದ್ದು. ಟ್ಯಾಂಕಿನ ಮುಚ್ಚಳದ ಬೀಗ ಕೆಟ್ಟಿದೆ, ಕೀ ಇಲ್ಲದೆಯೂ ಒತ್ತಿ ತಿರುಗಿಸಿದರೆ ತೆರೆದುಕೊಳ್ಳುತ್ತದೆ ಎಂದು ಅವರು ಅಂದೇ ಪ್ರಾಮಾಣಿಕವಾಗಿ ತೋರಿಸಿದ್ದರು. ಪ್ರಮೀಳಾ ಬಸ್ ಕಂಡಕ್ಟರು. ಹದಿನಾರು ವರ್ಷ ರಸ್ತೆಗೆ ಬೆನ್ನು ಮಾಡಿ, ಜನರ ಮುಖ ನೋಡುತ್ತ ನಿಂತು, ಇದೇ ನಾಲ್ಕು ತಾಲ್ಲೂಕುಗಳ ನಡುವೆ ಎಷ್ಟು ಸಲ ಹೋಗಿ ಬಂದಿದ್ದಾಳೋ ದೇವರಿಗೇ ಗೊತ್ತು. ಹಾಗಿದ್ದೂ ಪಾಂಡವಪುರದ ದಾರಿಯಲ್ಲಿ ಕುಂತಿಬೆಟ್ಟ ಯಾವ ತಿರುವಿನಲ್ಲಿ ಮೊದಲು ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಗಾಡಿ ಕೊಂಡ ಮೊದಲ ದಿನ ಅದು ಕಂಡಿತು. ಅದೇನು ಮಹಾ ಬೆಟ್ಟವೇ, ಎರಡು ಬಂಡೆ. ಆದರೂ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಐದು ನಿಮಿಷ ಸುಮ್ಮನೆ ನೋಡಿದ್ದಳು. ಡಿಸೆಂಬರಿನಲ್ಲಿ ರಜೆ ಬರೆಸಿದ್ದಾಳೆ. ಕನ್ಯಾಕುಮಾರಿಯವರೆಗೆ, ಒಬ್ಬಳೇ. ಡಿಪೋದಲ್ಲಿ ನಕ್ಕವರು ನಕ್ಕರು. "ನಗ್ಲಿ ಬುಡಿ, ನಗೋಕೇನು ಟಿಕೆಟ್ ಇಸ್ಕೊಂಡಿಲ್ವಲ್ಲ ನಾನು," ಎಂದಿದ್ದಳು.

ನಗುವನ್ನು ತಡೆದುಕೊಳ್ಳಬಹುದು. 'ಇಲ್ಲ' ಎಂಬ ಒಂದು ಮಾತನ್ನು ತಡೆದುಕೊಳ್ಳುವುದು ಹೇಗೆ? ಶ್ರೀರಂಗಪಟ್ಟಣದ ಮೆಕ್ಯಾನಿಕ್ಕು ಗಾಡಿಯನ್ನು ಜೋಡಿ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿ, ಎರಡು ಸಲ ಬರ್ ಬರ್ ಎನಿಸಿ, ತಲೆ ಓರೆ ಮಾಡಿ ಕೇಳಿ, "ಟ್ಯಾಪೆಟ್ಟು ಒಂಚೂರು ಲೂಸಿರಬಹುದು ಮೇಡಂ," ಎಂದು ಬಿಗಿ ಮಾಡಿದ್ದ. ಮುಂದಿನ ವಾರ ಸದ್ದು ಹಾಗೆಯೇ ಇತ್ತು. ಪಾಂಡವಪುರದವನೂ ಸ್ಟ್ಯಾಂಡಿಗೇ ನಿಲ್ಲಿಸಿದ, ಚೈನು ಬಿಗಿದ, ಸೈಲೆನ್ಸರಿನ ಒಂದು ಬೋಲ್ಟು ತಿರುವಿದ. ಎರಡು ದಿನ ಬಿಟ್ಟು ಮತ್ತೆ ಬಂದು ಸದ್ದು ಎಂದಾಗ ಅವನು ಅವಳ ಖಾಕಿ ಅಂಗಿಯನ್ನು ನೋಡಿ, ಅಂಗಡಿಯಲ್ಲಿದ್ದ ಇನ್ನಿಬ್ಬರಿಗೂ ಕೇಳುವ ಹಾಗೆ, "ಅಕ್ಕ, ಬಸ್ಸಲ್ಲಿ ನಿಂತೂ ನಿಂತೂ ನಿಮ್ ಕಿವೀಲೇ ಸದ್ದು ಕೂತ್ಬುಟ್ಟದೆ. ಮೊದ್ಲು ಅದ್ಕೆ ಎಣ್ಣೆ ಬುಟ್ಕಳಿ," ಎಂದ. ಅವರು ನಕ್ಕರು. ಅವಳೂ ನಕ್ಕಳು. ನಕ್ಕದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬಯ್ದುಕೊಂಡಳು. ಬಾಯಿ ಇಲ್ಲದವಳೇನು ನಾನು? ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನ ಕಳ್ಳನನ್ನು ಗದರಿಸಿ ಇಳಿಸುವವಳು, ಒಂದು ಸ್ಪ್ಯಾನರ್ ಹಿಡಿದವನ ಮುಂದೆ ಯಾಕೆ ಹಲ್ಲು ಕಿರಿದೆ? ಮನೆಯಲ್ಲಿ ತಿಮ್ಮರಾಜು ಒಮ್ಮೆ ಹಿಂದೆ ಕೂತು ಬಂದು, "ನಂಗೇನೂ ಕೇಳುಸ್ನಿಲ್ಲ ಕಣಮ್ಮಿ," ಎಂದ. ಅದು ಗುರುವಾರ, ಸಪಾಟು ಹೈವೇ, ಅವನ ಕಿವಿಗೆ ಗಾಳಿ ಹೊಡೆಯುತ್ತಿತ್ತು. ಆಮೇಲೆ ನೆಂಟರ ಮುಂದೆ ಅದೊಂದು ತಮಾಷೆಯೇ ಆಗಿಹೋಯಿತು. "ಇವ್ಳು ತವರುಗೋಗಿ ಬಂದ್ರೆ ಸಾಕು, ಸದ್ದು ಸುರುವಾಯ್ತದೆ. ನಾಕ್ ದಿನ ಕಳದ್ರೆ ತಾನೇ ನಿಂತೋಯ್ತದೆ. ಗಾಡಿದಾ ಇವಳ್ದಾ ನೀವೇ ಹೇಳಿ." ಕೆಟ್ಟವನಲ್ಲ ತಿಮ್ಮರಾಜು. ಹೊಡೆದವನಲ್ಲ, ಬಯ್ದವನಲ್ಲ. ಇವಳು ಹೇಳಿದ್ದನ್ನು ಪಕ್ಕಕ್ಕಿಟ್ಟು ನಗುತ್ತಾನೆ, ಅಷ್ಟೇ.

ಹತ್ತು ಜನ ಇಲ್ಲ ಎಂದರೆ ಇಲ್ಲವಾಗಿಬಿಡುತ್ತದೆ, ಅದು ಅವಳಿಗೆ ಗೊತ್ತು. ಅಪ್ಪ ಪುಟ್ಟಸ್ವಾಮಿ ಹುಲ್ಲಿನ ಹೊರೆ ಹೊತ್ತು ಅದೇ ನಾಲೆಯ ಏರಿ ಹತ್ತುತ್ತಿದ್ದ. ಇವಳು ಹಿಂದೆ ಕುಡುಗೋಲು ಹಿಡಿದು ನಡೆಯುತ್ತಿದ್ದಳು. ಎರಡು ವರ್ಷದ ಹಿಂದೆ, ಕಬ್ಬು ಅರೆಯುವ ಕಾಲ, ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ. ಏರಿಯ ನಡುವೆ ಅಪ್ಪನ ಉಸಿರಿನ ತುದಿಯಲ್ಲಿ ಏನೋ ಒಂದು ಸಣ್ಣಗೆ ಟಿಕ್ ಎಂದಿತು. ಇನ್ನೊಂದು ಉಸಿರು, ಮತ್ತೆ ಟಿಕ್. ಏರಿಯ ಮೇಲೆ ಹೊರೆ ಇಳಿಸಿ ನಿಂತದ್ದೇ ಸದ್ದಿಲ್ಲ. "ಅಪ್ಪ, ಎದೇಲಿ ಏನೋ ಸದ್ದು," ಎಂದಳು. "ನನ್ ಎದೇಲಿ ನಿಮ್ಮವ್ವ ಕೂತವ್ಳೆ ಕಣ್ ಸುಮ್ನಿರು," ಎಂದು ನಕ್ಕ. ತಮ್ಮ ನಿಂಗರಾಜು, "ಬೀಡಿ ಸೇದೋರ್ಗೆಲ್ಲ ಅಂಗೇ ಕಣಕ್ಕ," ಎಂದ. ಬಲವಂತ ಮಾಡಿ ಅಪ್ಪನನ್ನು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ತಮ್ಮನೂ ಜೊತೆಗೆ ಬಂದ. ಅವರು ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ಮೇಲೆಯೇ ಎದೆಗೆ ಕೊಳವೆ ಇಟ್ಟು, ಎರಡು ಎಣಿಸುವುದರೊಳಗೆ ತೆಗೆದು, ಏನೂ ಇಲ್ಲ, ಗ್ಯಾಸು ಎಂದರು. ಎಲ್ಲರೂ ಅವಳ ಮುಖ ನೋಡಿದರು. ಹೊರಗೆ ಬೆಂಚಿನಲ್ಲಿ ಎಷ್ಟು ಜನ ಕಾಯುತ್ತಿದ್ದರು, ಬಸ್ಸಿಗೆ ಹೊತ್ತಾಗುತ್ತಿತ್ತು, ಅಪ್ಪ ಆಗಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ನಂದೇ ಭ್ರಮೆ ಇರ್ಬೇಕು ಬುಡಿ," ಎಂದಳು ಪ್ರಮೀಳಾ. ತನ್ನ ಬಾಯಿಂದಲೇ ಎಂದಳು. ಮೂರು ವಾರಕ್ಕೆ ಅದೇ ಏರಿಯ ಮೇಲೆ ಅಪ್ಪ ಹೊರೆಯ ಸಮೇತ ಕುಸಿದ. ಹಾರ್ಟು ಎಂದರು. ಯಾರೂ ಅವಳನ್ನು ದೂರಲಿಲ್ಲ. ಆ ಮಾತು ಯಾರಿಗೂ ನೆನಪಿರಲೂ ಇಲ್ಲ. ಅವಳಿಗೆ ಒಬ್ಬಳಿಗೇ ನೆನಪು.

ನಾಗಮಂಗಲದ ಹೊರಗೆ, ಹೊಂಗೆ ಮರದ ಕೆಳಗೆ ದೇವಯ್ಯನ ಶೆಡ್ಡು. ಅವಳ ಬಸ್ಸಿನ ಡ್ರೈವರು ಹೇಳಿ ಕಳಿಸಿದ್ದ: "ಮುದ್ಕಂಗೆ ಬಾಯಿ ಜೋರು, ಆದ್ರೆ ಓಡಿಸಿ ನೋಡ್ದೆ ಕೈ ಹಾಕಲ್ಲ." ದೇವಯ್ಯ ಲುಂಗಿ ಎತ್ತಿ ಕಟ್ಟಿ ಕಾರ್ಬುರೇಟರು ತೊಳೆಯುತ್ತ ಕೂತಿದ್ದ. ಅವಳು ಕಾಲು ಕೆಳಗೂರಿ, ಇನ್ನೂ ಇಳಿಯುವ ಮೊದಲೇ ಜೋರು ದನಿಯಲ್ಲಿ ಶುರುಮಾಡಿದಳು. ಟ್ಯಾಪೆಟ್ ಅಲ್ಲ, ಚೈನಲ್ಲ, ನನ್ ಕಿವೀನೂ ಅಲ್ಲ, ಕಿವೀಗೆ ಎಣ್ಣೆ ಬುಟ್ಕಳಿ ಅನ್ನೋದಾದ್ರೆ ಈಗ್ಲೇ ಹೇಳ್ಬುಡಿ, ವಾಪಸ್ ಹೋಯ್ತೀನಿ. ದೇವಯ್ಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದ. "ಯಾರ್ ಮೇಲಿನ ಕ್ವಾಪ ತಾಯಿ ನನ್ ಮೇಲೆ? ನಾನಿನ್ನೂ ಬಾಯೇ ತಗುದಿಲ್ವಲ್ಲ," ಎಂದ. ಅವಳಿಗೆ ನಾಚಿಕೆಯಾಯಿತು. ಸ್ಟ್ಯಾಂಡು ಹಾಕಲು ಹೋದಳು.

"ಸ್ಟ್ಯಾಂಡ್ ಹಾಕ್ಬ್ಯಾಡಿ. ಸದ್ದು ಎಲ್ಲಿ ಬತ್ತದೆ?"

"ಏರಲ್ಲಿ. ಏರಲ್ಲಿ ಮಾತ್ರ."

"ಅಂಗಾರೆ ಏರಿಗೇ ಓಗವ ನಡೀರಿ. ನಿಂತಿರೋ ಗಾಡಿ ಎದೆ ಮುಟ್ಟಿ ನೋಡುದ್ರೆ ಅದೇನ್ ಹೇಳದು? ನಾನು ಇಂದೆ ಕೂತ್ಕತೀನಿ. ಇಬ್ರು ಭಾರಕ್ಕೆ ಇನ್ನೂ ಜಾಸ್ತಿ ಬರ್ಬೇಕು ಅದು, ಇರೋದು ದಿಟವಾದ್ರೆ."

ನಿಂತಿರುವ ಗಾಡಿಯ ಎದೆ. ಸ್ಟೂಲಿನ ಮೇಲೆ ಕೂತ ಅಪ್ಪನ ಎದೆ. ಎರಡು ವರ್ಷ ಯಾರಾದರೂ ಹೇಳಲಿ ಎಂದು ಪ್ರಮೀಳಾ ಕಾಯುತ್ತಿದ್ದ ಮಾತನ್ನು ಈ ಲುಂಗಿಯ ಮುದುಕ ಬೀಡಿ ಹುಡುಕುತ್ತ ಹೇಳಿಬಿಟ್ಟನಲ್ಲ. ದೇವಯ್ಯ ಒಂದು ಕಾಲು ಎತ್ತಿ ಹಾಕಿ ಅವಳ ಹಿಂದೆ ಕೂತ. ಪಕ್ಕದ ಟೀ ಅಂಗಡಿಯ ಗಂಡಸರು ಗ್ಲಾಸು ಹಿಡಿದುಕೊಂಡೇ ತಿರುಗಿ ನೋಡಿದರು. "ದೇವಯ್ಯ, ಯಾವೂರ್ಗ್ಲಾ ಸವಾರಿ?" ಎಂದು ಒಬ್ಬ ಕೂಗಿದ. "ನಿಮ್ಮತ್ತೆ ಮನೆಗೆ ಕಣ್ಲಾ, ಹೆಣ್ ಕೇಳೋಕೆ," ಎಂದು ದೇವಯ್ಯ ತಿರುಗಿಯೂ ನೋಡದೆ ಕೂಗಿದ. ಊರಾಚೆಯ ದಿಬ್ಬ ಶುರುವಾಯಿತು. ಅವಳು ಎಂದಿನಂತೆ ಗೇರು ಇಳಿಸಲು ಕಾಲು ಒತ್ತಹೊರಟಾಗ ಹಿಂದಿನಿಂದ, "ಇಳುಸ್ಬ್ಯಾಡಿ! ಮೇಲಿನ್ ಗೇರಲ್ಲೇ ಎಕ್ಸ್‌ಲೇಟ್ರಿಗೆ ಕೈ ಕೊಡಿ, ಇನ್ನೂ ಕೊಡಿ!" ಎಂಬ ಕೂಗು. ಕೊಟ್ಟಳು. ಈಗ ಬರದಿದ್ದರೆ? ಈಗಲೇ, ಕೇಳುವವನು ಸಿಕ್ಕಾಗಲೇ, ಹಟಮಾರಿ ಮಗುವಿನ ಹಾಗೆ ಇದು ಸುಮ್ಮನಿದ್ದುಬಿಟ್ಟರೆ? ಬಾರೋ, ಬಾ, ಮಾನ ಉಳಿಸು, ಎಂದು ಎಂಜಿನ್ನು ಕೆಡಲಿ ಎಂದೇ ಬೇಡಿಕೊಂಡಳು ಹೆಂಗಸು. ದಿಬ್ಬದ ನಡುವೆ ಹುರುಳಿ ಸಿಡಿಯಿತು. ಟಿಣ್, ಟಿಟಿಣ್, ಟಿಣ್.

"ಅಗಾ!" ಎಂದ ದೇವಯ್ಯ. "ಬಂತಲ್ಲ ಸದ್ದು!"

ಅವಳು ದಿಬ್ಬದ ತಲೆಯ ಮೇಲೆ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದಳು. "ನಿಮಗೆ ಕೇಳುಸ್ತಾ?" ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು. "ಕಿವುಡಂಗೂ ಕೇಳುಸ್ತದೆ ಕಣವ್ವ," ಎಂದ ದೇವಯ್ಯ. "ಟ್ಯಾಪೆಟ್ಟಾದ್ರೆ ನಿಂತ್ರೂ ಬಡ್ಕತಿತ್ತು. ಇದು ಬ್ಯಾರೆ. ಒಳಗೆ ಬೆಂಕಿ ವ್ಯಾಳೆಗ್ ಮುಂಚೆ ಹತ್ಕೊಂಡು, ಪಿಸ್ಟನ್ನು ಇನ್ನೂ ಮ್ಯಾಕ್ ಬತ್ತಾ ಇರುವಾಗ್ಲೇ ಅದ್ರ ತಲೆ ಮೇಲೆ ಹೊಡೀತಾ ಅದೆ. ಭಾರ ಬಿದ್ದಾಗ ಮಾತ್ರ." ಅವಳು ಹೆಲ್ಮೆಟ್ಟನ್ನು ತೆಗೆಯಲಿಲ್ಲ. ತೆಗೆದಿದ್ದರೆ ಮುದುಕನಿಗೆ ಅವಳ ಕಣ್ಣು ಕಾಣುತ್ತಿತ್ತು. ಗೆದ್ದೆ ಎಂಬ ಖುಷಿಗೆ ಬಂದ ನೀರು ಎಂದು ತಾನೇ ಹೇಳಿಕೊಂಡಳು. ಖುಷಿಯೂ ಇತ್ತು, ಸುಳ್ಳಲ್ಲ.

ಶೆಡ್ಡಿಗೆ ವಾಪಸ್ ಬಂದು, ಎಂಜಿನ್ನು ಆರುವವರೆಗೆ ಇಬ್ಬರೂ ಟೀ ಕುಡಿದರು, ಅವಳು ಕನ್ಯಾಕುಮಾರಿಯ ಯೋಚನೆಯನ್ನೂ ಹೇಳಿದಳು. ಆಮೇಲೆ ದೇವಯ್ಯ ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದು ಅವಳನ್ನು ಕರೆದು ತೋರಿಸಿದ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕಿಗಳು, ನಡುವೆ ಒಂದೆರಡು ಹೊಳೆಯುವ ಚೂರು. "ಈ ಹೊಳ್ಯಾದು ಪಿಸ್ಟನ್ನಿಂದಲೇ ಕಿತ್ಕೊಂಡ್ ಬಂದಿರಾದು. ಇಂಗೇ ಬುಟ್ಟಿದ್ರೆ ಕನ್ಯಾಕುಮಾರಿ ದಾರೀಲಿ ಯಾವ್ದಾರ ಘಾಟಿಲಿ ತೂತು ಬೀಳದು. ಒಬ್ಳೇ ಏನ್ಮಾಡ್ತಿದ್ರಿ?" ಎಂದ. ಪ್ಲಗ್ಗಿನ ನಂಬರು ಸರಿಯಾಗಿತ್ತು. ಕಾರ್ಬುರೇಟರಿನ ರಬ್ಬರು ಬಿರಿದು ಗಾಳಿ ನುಗ್ಗುತ್ತಿದೆಯೇ ಎಂದು ನೀರು ಚಿಮುಕಿಸಿ ನೋಡಿದ, ಇಲ್ಲ. ಕಿಡಿ ಹಾರುವ ಹೊತ್ತು ನೋಡಿದ, ಸರಿ. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಇಟ್ಟು, ಹುಬ್ಬು ಗಂಟಿಕ್ಕಿ, ಒಂದು ಕಡ್ಡಿ ಅದ್ದಿ ಹಳೆಯ ಪೇಪರಿನ ಮೇಲೆ ಎರಡು ಹನಿ ಬಿಟ್ಟ. ಪೆಟ್ರೋಲಾದರೆ ಆರಿದ ಮೇಲೆ ಗುರುತೂ ಇರಬಾರದು ಎಂದ. ಇಬ್ಬರೂ ಕಾದರು. ಪೇಪರು ಆರಿತು. ಎರಡು ಹನಿ ಬಿದ್ದ ಕಡೆ ಎರಡು ಎಣ್ಣೆಯ ಉಂಗುರ ಉಳಿಯಿತು.

"ಸೀಮೆಎಣ್ಣೆ. ಅದೂ ಹಳೇದು. ಬಂಕಲ್ಲಿ ಇಂಗ್ ಇರಾಕಿಲ್ಲ, ಇದು ಮನೇಲಿ ಯಾರೋ ಹುಯ್ದಿರಾದು," ಎಂದ ದೇವಯ್ಯ.

ತಿಮ್ಮರಾಜು, ಎಂದಿತು ಅವಳ ಮನಸ್ಸು, ಒಂದು ಕ್ಷಣವೂ ತಡೆಯದೆ. ಬೀಗವಿಲ್ಲದ ಮುಚ್ಚಳ, ದಿಲೀಪನ ಕಣ್ಣು, 'ಗಾಡಿದಾ ಇವಳ್ದಾ' ಎಂಬ ಆ ನಗು. ಹದಿನೇಳು ವರ್ಷದ ಸಂಸಾರದಲ್ಲಿ ಈ ಪಾತ್ರಕ್ಕೆಂದೇ ಅವನನ್ನು ಎಲ್ಲೋ ಒಳಗೆ ಕೂರಿಸಿಟ್ಟಿದ್ದಳೋ ಎಂಬಷ್ಟು ಸಲೀಸಾಗಿ ಎಲ್ಲವೂ ಹೊಂದಿಕೊಂಡವು. ಅದರಲ್ಲಿ ಒಂದು ರುಚಿಯೂ ಇತ್ತು, ಹುಳಿಹುಣಸೆಯ ರುಚಿ. ಅವನು ಕೆಟ್ಟವನಾಗಿಬಿಟ್ಟರೆ ಎಷ್ಟು ಸುಲಭ! ಆಮೇಲೆ ಪೇಪರನ್ನು ಕೈಗೆ ತೆಗೆದುಕೊಂಡು ಮೂಸಿದಳು. ಮೂಸಿದವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಅದು ಮಾಕವಳ್ಳಿಯ ಕೊಟ್ಟಿಗೆಯ ವಾಸನೆ. ನಾಲೆಯ ನೀರೆತ್ತುವ ಎಂಜಿನ್ನಿಗೆಂದು ಅಪ್ಪ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಹಸಿರು ಕ್ಯಾನಿನಲ್ಲಿ ತುಂಬಿಡುತ್ತಿದ್ದ. ಅಪ್ಪನ ಅಂಗಿ, ಅಪ್ಪನ ಟವೆಲು, ಅಪ್ಪ ಕೊಡುತ್ತಿದ್ದ ಬೆಲ್ಲದ ಚೂರು ಕೂಡ ಅದೇ ವಾಸನೆ. ಈ ಬೆಳಿಗ್ಗೆ ಹೊರಡುವಾಗ ಅವ್ವ ಗಾಡಿಯ ಪಕ್ಕದಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಕೈಯಲ್ಲೊಂದು ಚೊಂಬು. "ಅದ್ಕೂ ಆಯ್ತು ಕಣವ್ವ, ಇನ್ನು ಹೊರ್ಡು," ಎಂದಿದ್ದಳು. ಗಾಡಿಯ ದೀಪಕ್ಕೆ ಕುಂಕುಮ ಇಟ್ಟದ್ದನ್ನು ಹೇಳುತ್ತಿದ್ದಾಳೆ, ಚೊಂಬಿನಲ್ಲಿ ನೀರು, ಎಂದುಕೊಂಡು ಇವಳು ಕಿಕ್ಕರ್ ಒದ್ದಿದ್ದಳು. ಮಡಿಲಕ್ಕಿ ಬೇಡ ಅವ್ವ, ಪೆಟ್ಟಿಗೆಯಲ್ಲಿ ಅಕ್ಕಿ ಚೆಲ್ಲುತ್ತದೆ, ಕಾಯಿ ಬೇಡ, ಭಾರ, ಎಂದು ಗಾಡಿ ಕೊಂಡ ನಾಲ್ಕು ತಿಂಗಳಿಂದ ಪ್ರತಿ ಸಲ ಬೇಡ ಬೇಡ ಎಂದವಳಿಗೆ ಅವ್ವ ಎಲ್ಲಿ ಮಡಿಲು ತುಂಬುತ್ತಿದ್ದಾಳೆ ಎಂಬುದು ಈಗ ಗೊತ್ತಾಯಿತು. ತವರಿಗೆ ಹೋಗಿ ಬಂದರೆ ಸದ್ದು ಸುರುವಾಗುತ್ತದೆ. ಬಂಕಿನಲ್ಲಿ ಒಳ್ಳೆಯ ಪೆಟ್ರೋಲು ತುಂಬಿಸಿ ನಾಲ್ಕು ದಿನ ಓಡಿಸಿದರೆ ನಿಲ್ಲುತ್ತದೆ. ಗಂಡ ಹೇಳಿದ್ದು ಅಕ್ಷರಶಃ ನಿಜ. ಪ್ರಮೀಳಾ ನಗತೊಡಗಿದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ, ಎಂದು ನಗುತ್ತ ನಗುತ್ತ, ಈಗಷ್ಟೇ ಗಂಡನನ್ನು ಕಳ್ಳನನ್ನಾಗಿ ಮಾಡಿದ್ದು ನೆನಪಾಗಿ ಅವಳ ಮುಖ ಸಣ್ಣಗಾಯಿತು. ಕೇಳಿಸಿಕೊಳ್ಳದೆ ತೀರ್ಪು ಹೇಳುವುದು ಅವಳಿಗೂ ಬರುತ್ತಿತ್ತು.

ಟ್ಯಾಂಕು ಬರಿದು ಮಾಡಿ, ತೊಳೆದು, ಕಾರ್ಬುರೇಟರು ಬಸಿದು, ಹೊಸ ಪ್ಲಗ್ಗು ಹಾಕಿ, ಬಂಕಿನಿಂದ ತಂದ ಪೆಟ್ರೋಲು ತುಂಬಿಸುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಅದೇ ದಿಬ್ಬ, ಅದೇ ಮೇಲಿನ ಗೇರು, ಹಿಂದೆ ಅದೇ ಮುದುಕ. ಸದ್ದಿಲ್ಲ. "ಪ್ರಯಾಣಕ್ ಮುಂಚೆ ಒಂದ್ಸಲ ಬನ್ನಿ, ಎಂಜಿನ್ ತಲೆ ಬಿಚ್ಚಿ ಒಳಗಿನ್ ಮಸಿ ಕೆರುದ್ ಕೊಡ್ತೀನಿ. ಮಸೀನೂ ಕೆಂಡ ಇದ್ದಂಗೆ," ಎಂದ ದೇವಯ್ಯ. ಅಷ್ಟರಲ್ಲಿ ಫೋನು ಬಂತು.

"ಎಲ್ಲಿದ್ದೀಯಮ್ಮಿ? ದಿಲೀಪ ಆಗ್ಲೇ ಬಂದು ಕೂತವ್ನೆ."

"ನಾಗಮಂಗಲದಲ್ಲಿ. ಸದ್ದು ಇತ್ತು ಕಣ್ರೀ. ಮೆಕ್ಯಾನಿಕ್ಕೂ ಕೇಳಿಸ್ಕೊಂಡ."

"ಸರೋಯ್ತಾ ಈಗ?"

"ಹೋಯ್ತು. ಇತ್ತು ಅಂತ ಅನ್ನಿ."

"ಏನನ್ಲಿ?"

"ಇತ್ತು ಅಂತ. ಒಂದ್ ಮಾತು."

"ಸರೋಯ್ತಲ್ಲ ಬುಡು, ಇನ್ನೇನು ಅದ್ಕೆ?" ಎಂದ ತಿಮ್ಮರಾಜು, ಪಾಪ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಪ್ರಮೀಳಾ ಕಾದಳು. ಅತ್ತ ಕಡೆ ಟಿ.ವಿ.ಯ ಸದ್ದು, ದಿಲೀಪನ ಕೆಮ್ಮು. "ಅವನಿಗೆ ಇನ್ನೊಂದ್ ಲೋಟ ಕಾಫಿ ಕೊಟ್ಟು ಕಳ್ಸಿ," ಎಂದಳು. "ಗಾಡಿ ಕೊಡಲ್ಲ. ಇವತ್ತೂ ಕೊಡಲ್ಲ, ಇನ್ಯಾವತ್ತೂ ಕೊಡಲ್ಲ. ನಾನು ಬರೋದು ತಡ ಆಯ್ತದೆ, ಅವ್ವನ್ ತಾವ ಹೋಗ್ಬೇಕು." ಅವನು ಏನೋ ಹೇಳುತ್ತಿದ್ದಂತೆಯೇ ಫೋನನ್ನು ಜೇಬಿಗೆ ಹಾಕಿದಳು. ಬೇರೆ ಯಾವತ್ತಾದರೂ ಆಗಿದ್ದರೆ ತಿರುಗಿ ಫೋನು ಮಾಡಿ ಸಮಾಧಾನ ಹೇಳುತ್ತಿದ್ದಳು.

ನಲವತ್ತು ಕಿಲೋಮೀಟರು ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ್ದನ್ನು ಕಟ್ಟಿಕೊಂಡು ಬಂದಳು. ಕೇಳದೆ ಮುಟ್ಟಬಾರದು ಅವ್ವ, ಎಂಜಿನ್ನು ಹೋಗಿಬಿಡುತ್ತಿತ್ತು, ಮಾನ ಹೋಯಿತು, ಊರೂರು ತಿರುಗಿದೆ, ಹುಚ್ಚಿ ಅನ್ನಿಸಿಕೊಂಡೆ. ಒಂದೊಂದು ಮಾತನ್ನೂ ಮಸೆದು ಇಟ್ಟುಕೊಂಡಳು. ಮಾಕವಳ್ಳಿಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ನಿಂಗರಾಜುವೂ ಅವನ ಹೆಂಡತಿಯೂ ಡೈರಿಗೆ ಹಾಲು ಹಾಕಲು ಹೋಗಿದ್ದರು. ಅವ್ವ ಅಣ್ಣಮ್ಮ ಹಸುಗಳ ಮುಂದೆ ಹುಲ್ಲು ಹರಡುತ್ತಿದ್ದವಳು ಗಾಡಿಯ ಸದ್ದಿಗೆ ತಿರುಗಿ ನೋಡಿ, "ಏನವ್ವ, ಏನಾರ ಮರ್ತೋಗಿದ್ಯಾ?" ಎಂದಳು.

"ಗಾಡಿಗೆ ಎಣ್ಣೆ ಹುಯ್ದ್ಯಾ ಅವ್ವ?"

ಸಿಕ್ಕಿಬಿದ್ದ ಹುಡುಗಿಯ ಹಾಗೆ ಅವ್ವ ನಕ್ಕಳು. "ಒಂದೇ ಚೊಂಬು ಕಣವ್ವ. ಬಂದಾಗೆಲ್ಲ ಒಂದೊಂದೇ. ಅಕ್ಕಿ ಬ್ಯಾಡ ಅಂತೀಯ, ಕಾಯಿ ಬ್ಯಾಡ ಅಂತೀಯ, ಹೆಣ್ಮಗಳ್ನ ಬರಿಗೈಲಿ ಎಂಗ್ ಕಳ್ಸದು? ನಿಮ್ಮಪ್ಪ ತಂದಿಕ್ಕಿದ್ ಎಣ್ಣೆ. ಎಂಜಿನ್ನ ನಿಂಗರಾಜು ಮಾರ್ಬುಟ್ಟ, ಎಣ್ಣೆ ಅಂಗೇ ಕೂತಿತ್ತು. ಅದ್ರಲ್ಲಿ ನಿಂಗೂ ಒಂದು ಪಾಲು ಸೇರ್ಲಿ ಅಂತ." ಅವಳ ನಗು ನಿಧಾನಕ್ಕೆ ಇಳಿಯಿತು. "ಯಾಕವ್ವ, ತಪ್ಪಾಯ್ತಾ?"

ಮಸೆದಿಟ್ಟ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟು, "ಆ ಎಣ್ಣೆಯಿಂದ್ಲೇ ಕಣವ್ವ ಸದ್ದು ಬತ್ತಿದ್ದು," ಎಂದಳು ಪ್ರಮೀಳಾ.

"ಯಾವ್ದು, ಏರೀಲಿ ಟಿಣ್ ಟಿಣ್ ಅಂತದಲ್ಲ, ಅದಾ?"

ಪ್ರಮೀಳಾ ಅವ್ವನ ಹತ್ತಿರಕ್ಕೆ ಬಂದಳು. "ನಿಂಗೆ ಕೇಳುಸ್ತಿತ್ತಾ?"

"ಕೇಳ್ದೆ ಏನು. ನೀನು ಹೊಂಟಾಗೆಲ್ಲ ಏರಿ ಅತ್ತಿ ಮರೆಯಾಗೋಗಂಟ ಬಾಕ್ಲಲ್ಲಿ ನಿಂತಿರ್ತೀನಲ್ಲ. ನಿಮ್ಮಪ್ಪಂಗೂ ಅಂಗೇ ಅಲ್ವಾ ಬತ್ತಿದ್ದು, ಹೊರೆ ಹೊತ್ಕೊಂಡು ಏರಿ ಅತ್ವಾಗ." ಅವ್ವ ಹುಲ್ಲಿನ ಕಡ್ಡಿಗಳನ್ನು ಸೆರಗಿನಿಂದ ಕೊಡವುತ್ತಿದ್ದಳು, ಮಳೆ ಬೆಳೆಯ ಮಾತಾಡುವ ಹಾಗೆ ಮಾತಾಡುತ್ತಿದ್ದಳು.

"ಅವ್ವ, ಆಗ ಯಾಕವ್ವ ಹೇಳ್ನಿಲ್ಲ?"

"ನಿಂಗರಾಜುಂಗೆ ಹೇಳ್ದೆ. ಬ್ರಮೆ ಅಂದ. ಡಾಕ್ಟ್ರು ಇಲ್ಲ ಅಂದ್ರಂತೆ. ಓಗ್ಲಿ ಬುಡು, ಅವ್ರು ಗಂಡಸ್ರು, ಅವ್ರಿಗೇನ್ ಕೇಳುಸ್ತದೆ ಅಂದ್ಕೊಂಡೆ. ಆಮ್ಯಾಕೆ ನೀನೂ ಇಲ್ಲ ಅಂದೆ ಅಂತ ನಿಂಗರಾಜು ಬಂದ್ ಹೇಳ್ದ. ನೀನು ಓದ್ದೋಳು, ನಾಕೂರು ತಿರ್ಗೋಳು. ನೀನೇ ಇಲ್ಲ ಅಂದ್ಮ್ಯಾಲೆ ನನ್ ಕಿವೀಗೇ ಏನೋ ಆಗದೆ ಅಂತ ಸುಮ್ಕಾದೆ."

ಹಸು ಕತ್ತು ಅಲ್ಲಾಡಿಸಿತು, ಗಂಟೆ ಸದ್ದಾಯಿತು. ಎರಡು ವರ್ಷ ಪ್ರಮೀಳಾ, ಮುಚ್ಚಿಕೊಂಡದ್ದು ತನ್ನ ಬಾಯಿ ಮಾತ್ರ ಎಂದುಕೊಂಡು ಕೊರಗಿದ್ದಳು. ಬೆಂಚಿನಲ್ಲಿ ಕಾಯುತ್ತಿದ್ದವರಿಗೆ ಹೆದರಿ, ಬಸ್ಸಿನ ಹೊತ್ತಿಗೆ ಹೆದರಿ ಆಡಿದ ಒಂದು ಮಾತು ಇಷ್ಟು ದೂರ ನಡೆದು ಬಂದು ಈ ಕೊಟ್ಟಿಗೆಯಲ್ಲಿ ನಿಂತಿದ್ದ ಇನ್ನೊಬ್ಬಳ ಬಾಯನ್ನೂ ಮುಚ್ಚಿಸಿತ್ತು. ಅಪ್ಪನ ಉಸಿರನ್ನು ಕೇಳಿಸಿಕೊಂಡ ಕಿವಿ ನಾಲ್ಕಿದ್ದವು. ಒಂದು ಮಾತು ಸಾಕಾಗುತ್ತಿತ್ತು. ಅಳು ಬರುತ್ತದೆ ಎಂದು ಕಾದಳು, ಬರಲಿಲ್ಲ. ಬಂದದ್ದು ಸಿಟ್ಟು, ತನ್ನ ಮೇಲೆ, ಸ್ಟೂಲುಗಳ ಮೇಲೆ, ಸ್ಟ್ಯಾಂಡುಗಳ ಮೇಲೆ, ಆ ಎರಡು ಎಣಿಸುವಷ್ಟು ಹೊತ್ತಿನ ಮೇಲೆ. ಇನ್ನು ಸಾಕು ಎಂದುಕೊಂಡಳು. ಹೆಲ್ಮೆಟ್ಟು ತೆಗೆದು ಅವ್ವನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದಳು.

"ಹತ್ತು ಅವ್ವ."

"ಏ, ಓಗೆ! ಈ ವಯಸ್ನಲ್ಲಿ! ನೋಡ್ದೋರ್ ಏನಂದಾರು?"

"ಅನ್ಲಿ. ನೀ ಹತ್ತು."

ಅವ್ವ ಸೀರೆಯ ನೆರಿಗೆ ಒಟ್ಟುಮಾಡಿ, ದೇವರ ಹೆಸರು ಹೇಳಿ, ಮಗಳ ಭುಜ ಹಿಡಿದು ಹತ್ತಿ ಕೂತಳು. ಕಬ್ಬಿನ ಟ್ರಾಕ್ಟರಿನ ಮೇಲಿದ್ದವರು ಕೇಕೆ ಹಾಕಿದರು. ನಾಲೆಯ ಏರಿ ಎದುರಾಯಿತು. ಪ್ರಮೀಳಾ ಗೇರು ಇಳಿಸಲಿಲ್ಲ. ಮೇಲಿನ ಗೇರಿನಲ್ಲೇ ಕೈ ಕೊಟ್ಟಳು, ಇನ್ನೂ ಕೊಟ್ಟಳು. ಅಪ್ಪ ಕುಸಿದ ಜಾಗ ಬಂತು, ಹೋಯಿತು. ಎಂಜಿನ್ನು ಒಂದೇ ದನಿಯಲ್ಲಿ ಭಾರ ಎಳೆಯಿತು. ಏರಿಯ ಮೇಲೆ ಬಂದಾಗ ಇಡೀ ನಾಲೆ ಸಂಜೆಯ ಬಿಸಿಲಿನಲ್ಲಿ ಕಾಣುತ್ತಿತ್ತು.

"ಕೇಳುಸ್ತಾ ಅವ್ವ?" ಎಂದು ಕೂಗಿ ಕೇಳಿದಳು.

ಅವ್ವ ಹೆಲ್ಮೆಟ್ಟಿನ ಭಾರದ ತಲೆಯನ್ನು ಮಗಳ ಬೆನ್ನಿಗೆ ಆನಿಸಿ ಇನ್ನೂ ಸ್ವಲ್ಪ ದೂರ ಕೇಳಿಸಿಕೊಂಡಳು.

"ಇಲ್ಲ ಕಣವ್ವ," ಎಂದಳು. "ಈಗಿಲ್ಲ. ಆದ್ರೆ ಇತ್ತು."

"ಇನ್ನೊಂದ್ಸಲ ಅನ್ನವ್ವ."

"ಇತ್ತು ಕಣೆ, ಇತ್ತು. ಇಬ್ರುಗೂ ಕೇಳುಸ್ತಿತ್ತು."